ಕಿರಂಗೂರಿನಲ್ಲಿ ಹತ್ತಿದ ಕೆಂಪು ದೀಪ

ಮಂಡ್ಯದಿಂದ ಹಳೇ ಹೆದ್ದಾರಿಯಲ್ಲಿ ಮೈಸೂರಿನ ಕಡೆಗೆ ಹೊರಟರೆ, ಶ್ರೀರಂಗಪಟ್ಟಣ ಇನ್ನೇನು ಬಂತು ಎನ್ನುವಷ್ಟರಲ್ಲಿ ಕಿರಂಗೂರು ಸಿಗುತ್ತದೆ. ಬಲಕ್ಕೆ ತಿರುಗಿದರೆ ಪಾಂಡವಪುರ. ನೇರ ಹೋದರೆ ಕಾವೇರಿ ಸೇತುವೆ, ಕೋಟೆ, ರಂಗನಾಥಸ್ವಾಮಿ. ಪೂರ್ವದ ಕಡೆ ಕತ್ತೆತ್ತಿದರೆ ಕರಿಘಟ್ಟ. ಸುತ್ತಲೂ ಕಬ್ಬು, ಭತ್ತ, ತೆಂಗು, ನಾಲೆಯ ನೀರು. ಹೆಚ್ಚಿನವರಿಗೆ ಇದು ಬಸ್ಸಿನ ಕಿಟಕಿಯಲ್ಲಿ ಕಂಡು ಹಿಂದೆ ಸರಿಯುವ ಊರು.

ವರ್ಷಕ್ಕೊಮ್ಮೆ ಮಾತ್ರ ಇದರ ಹೆಸರು ಪೇಪರಿನಲ್ಲಿ ದೊಡ್ಡದಾಗಿ ಬರುತ್ತದೆ. ಶ್ರೀರಂಗಪಟ್ಟಣದ ದಸರಾ ಶುರುವಾಗುವುದು ಕಿರಂಗೂರಿನ ಬನ್ನಿಮಂಟಪದಿಂದ. ಆನೆಯ ಮೇಲೆ ಮರದ ಅಂಬಾರಿ, ಅದರಲ್ಲಿ ಚಾಮುಂಡೇಶ್ವರಿ, ಮುಂದೆ ಡೊಳ್ಳು, ತಮಟೆ, ಪೂಜಾ ಕುಣಿತ. ಮಕ್ಕಳಿಗೆ ಒಂದು ವಿಷಯ ಹೇಳಿಬಿಡುತ್ತೇನೆ: ಒಡೆಯರ ದಸರಾ ಹುಟ್ಟಿದ್ದು ಮೈಸೂರಿನಲ್ಲಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಆರಂಭಿಸಿದರು. 1799ರಲ್ಲಿ ಟಿಪ್ಪು ಮಡಿದು, ರಾಜಧಾನಿ ಮೈಸೂರಿಗೆ ಹೋದಾಗ ದಸರಾ ಕೂಡ ಗಂಟುಮೂಟೆ ಕಟ್ಟಿಕೊಂಡು ಹದಿನೈದು ಕಿಲೋಮೀಟರ್ ಆಚೆಗೆ ಹೋಯಿತು.

ಕಳೆದ ದಸರಾ ರಜೆಯಲ್ಲಿ ನಾವು ಕಿರಂಗೂರಿನಲ್ಲಿ ಒಂದು ಇಡೀ ದಿನ ಕಳೆದೆವು. ಆನೆ ನೋಡುವುದಕ್ಕಲ್ಲ. ನಮ್ಮ ಕಾರಿನ ಮುಂದಿನ ಹಲಗೆಯಲ್ಲಿ ಒಂದು ಪುಟ್ಟ ಕೆಂಪು ದೀಪ ಹತ್ತಿತ್ತು, ಅದಕ್ಕೆ.

ನಮ್ಮದು 1984ರ ಅಂಬಾಸಿಡರ್. ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲೇ ಹುಟ್ಟಿ, 2014ರವರೆಗೆ ಹೆಚ್ಚುಕಡಿಮೆ ಅದೇ ಮುಖ ಹೊತ್ತು ಬಂದದ್ದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ನಮ್ಮ ಇಬ್ಬರು ಮಕ್ಕಳು ಮದುವೆ ದಿಬ್ಬಣಕ್ಕೆ ಹೋದದ್ದು ಅದರಲ್ಲೇ. ಮೊಮ್ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಅದರಲ್ಲೇ. ಒತ್ತಡ ತೋರಿಸುವ ಮುಳ್ಳು ಯಾವುದೂ ಈಗ ಅದರಲ್ಲಿ ಕೆಲಸ ಮಾಡುವುದಿಲ್ಲ. ಆಯಿಲ್ ಪ್ರೆಶರ್ ಕಡಿಮೆಯಾದರೆ ಹತ್ತುವ ಆ ಕೆಂಪು ದೀಪವೊಂದು ಉಳಿದಿದೆ.

ಒಂದು ತಿಂಗಳಿಂದ ಗಾಡಿ ಬಿಸಿಯಾದ ಮೇಲೆ, ಸಿಗ್ನಲ್‌ನಲ್ಲಿ ನಿಂತಾಗ ದೀಪ ಮಿಣುಕುತ್ತಿತ್ತು. ಊರಿನ ಗ್ಯಾರೇಜೊಂದರಲ್ಲಿ ತೋರಿಸಿದೆ. ಅಲ್ಲಿನವನು ಬಾನೆಟ್ ಎತ್ತಿ, ಕಡ್ಡಿ ಎಳೆದು, “ಆಯಿಲ್ ತುಂಬಿದೆ ಸಾರ್. ಅಂದಮೇಲೆ ಬೇರಿಂಗ್ ಹೋಗಿದೆ. ಎಂಜಿನ್ ಇಳಿಸಬೇಕು” ಎಂದ. ಅವನು ಹೇಳಿದ ಖರ್ಚು ಗಾಡಿಯ ಬೆಲೆಯನ್ನೂ ಮೀರಿತ್ತು. ಬೆಂಗಳೂರಿನಿಂದ ಮಗ ಫೋನಿನಲ್ಲಿ, “ಅಪ್ಪಾ, ಸಾಕು ಬಿಡಿ. ಗುಜರಿಗೆ ಕೊಟ್ಟುಬಿಡೋಣ” ಎಂದ. ಮೈಸೂರಿನಲ್ಲಿ ಕೊಳ್ಳುವವರೊಬ್ಬರು ಸಿಕ್ಕರು. ತೂಕದ ಲೆಕ್ಕ. ನಿಧಾನವಾಗಿ ಓಡಿಸಿಕೊಂಡು ಹೋಗಬಹುದು ಎಂದು ಆ ಗ್ಯಾರೇಜಿನವನೇ ಹೇಳಿದ್ದರಿಂದ ನಾನು, ನಮ್ಮ ಮನೆಯವಳು, ಏಳನೇ ಕ್ಲಾಸಿನ ಮೊಮ್ಮಗಳು ಮೂವರೂ ಹೊರಟೆವು. ಗಾಡಿಯ ಕೊನೆಯ ಸವಾರಿ ಎಂದು ಮೊಮ್ಮಗಳು ಮೂತಿ ಊದಿಸಿಕೊಂಡು ಹಿಂದೆ ಕೂತಿದ್ದಳು.

ಕಿರಂಗೂರು ಸರ್ಕಲ್‌ನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ತಿರುಗಲೆಂದು ನಿಲ್ಲಿಸಿದೆ. ದೀಪ ಹತ್ತಿತು. ಈ ಸಲ ಮಿಣುಕಲಿಲ್ಲ, ನೆಟ್ಟಗೆ ಉರಿಯಿತು. ಆಕ್ಸಿಲರೇಟರ್ ತುಳಿದರೆ ಆರುತ್ತದೆ, ಕಾಲು ತೆಗೆದರೆ ಮತ್ತೆ ಹತ್ತುತ್ತದೆ. ಗಾಡಿಯನ್ನು ಪಕ್ಕಕ್ಕೆ ತಂದು ಕೀಲಿ ತಿರುಗಿಸಿದೆ. ಎದುರಿಗೇ ಶೀಟಿನ ಮಾಡಿನ ಒಂದು ಶೆಡ್ ಇತ್ತು. ಹೆಚ್ಚಾಗಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮೆಕ್ಯಾನಿಕ್. ಐವತ್ತು ದಾಟಿದ ವಯಸ್ಸು, ಕಿವಿಯ ಹಿಂದೆ ಪೆನ್ಸಿಲ್.

“ದೀಪ ಹತ್ತುತ್ಲೂ ಆಫ್ ಮಾಡಿದ್ರಾ? ಅಲ್ಲಿಗೆ ಅರ್ಧ ರಿಪೇರಿ ಆದಂಗೆ ಮೇಷ್ಟ್ರೇ,” ಎಂದರು. ನಾನು ಮೇಷ್ಟ್ರೆಂದು ಅವರಿಗೆ ಹೇಗೆ ಗೊತ್ತಾಯಿತೋ!

ಅವರು ಹೇಳಿದ್ದು ಸರಿ. ಪೆಟ್ರೋಲ್ ಮುಗಿದರೆ ಗಾಡಿ ತಾನಾಗಿ ನಿಲ್ಲುತ್ತದೆ, ಯಾರಿಗೂ ನಷ್ಟವಿಲ್ಲ. ಆಯಿಲ್ ಪ್ರೆಶರ್ ಹೋದರೆ ಗಾಡಿ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಒಳಗೆ ಲೋಹಕ್ಕೆ ಲೋಹ ಉಜ್ಜಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಿಡಿದುಕೊಂಡುಬಿಡಬಹುದು. ಮೊಮ್ಮಗಳು ಕೇಳಿದಳು: “ತಾತಾ, ಇದು ನಿನ್ನ ಬಿಪಿ ಥರಾನಾ?” ಹೌದು, ಆದರೆ ಉಲ್ಟಾ. ನನಗೆ ಏರಿದರೆ ಮಾತ್ರೆ, ಇದಕ್ಕೆ ಇಳಿದರೆ ಗಂಡಾಂತರ.

ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಎಂಜಿನ್ನಿನ ಕೆಳಗೆ ಬಗ್ಗಿ ನೋಡಿದರು. ಆಯಿಲ್ ಸೋರಿದ ಗುರುತಿಲ್ಲ. ಐದು ನಿಮಿಷ ಬಿಟ್ಟು ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ಎಳೆದರು. ಕಡ್ಡಿಯ ಮೇಲೆ ಎರಡು ಗೆರೆ ಇರುತ್ತವೆ. ಆಯಿಲ್ ಅವೆರಡರ ನಡುವೆ ಇರಬೇಕು. ಮೊಮ್ಮಗಳು ಇಣುಕಿ, “ಮೇಲಿನ ಗೆರೆಗಿಂತಲೂ ಮೇಲಿದೆಯಲ್ಲ!” ಎಂದಳು.

“ಹ್ಞೂಂ ಮಗಾ. ಒಸಿ ಜಾಸ್ತಿನೇ ಐತೆ. ಅದನ್ನ ತಲೇಲಿ ಇಟ್ಕೊಂಡಿರು,” ಎಂದು ಕಡ್ಡಿಯನ್ನು ವಾಪಸ್ಸು ಹಾಕಿದರು.

ಆಮೇಲೆ ದೀಪದ ವಿಚಾರಣೆ. ದೀಪವೇ ಸುಳ್ಳು ಹೇಳುತ್ತಿದ್ದರೆ? ಎಂಜಿನ್ನಿನ ಮೈಗೆ ಬೆರಳ ಗಾತ್ರದ ಒಂದು ಸ್ವಿಚ್ ತಿರುಚಿರುತ್ತಾರೆ. ಅದರೊಳಗೆ ಒಂದು ತೆಳು ಪೊರೆ, ಒಂದು ಸ್ಪ್ರಿಂಗ್. ಆಯಿಲ್ ಪೊರೆಯನ್ನು ತಳ್ಳಿದರೆ ಸಂಪರ್ಕ ತಪ್ಪಿ ದೀಪ ಆರುತ್ತದೆ. ತಳ್ಳುವ ಶಕ್ತಿ ಇಲ್ಲದಿದ್ದರೆ ಹತ್ತುತ್ತದೆ. ಅದಕ್ಕೇ ಕೀಲಿ ತಿರುಗಿಸಿದ ಕ್ಷಣ, ಎಂಜಿನ್ ಶುರುವಾಗುವ ಮುಂಚೆ, ದೀಪ ಹತ್ತಲೇಬೇಕು. ಹತ್ತದಿದ್ದರೆ ಬಲ್ಬ್ ಹೋಗಿದೆ ಎಂದು ಅರ್ಥ. ಮುಂದಿನ ಸಲ ನಿಮ್ಮ ಮನೆಯ ಗಾಡಿಯಲ್ಲಿ ಗಮನಿಸಿ, ಮಕ್ಕಳೇ. ಮೆಕ್ಯಾನಿಕ್ ಆ ಸ್ವಿಚ್ಚಿನ ವೈರನ್ನು ಕಿತ್ತು, ಕೀಲಿ ತಿರುಗಿಸಲು ಹೇಳಿದರು. ದೀಪ ಹತ್ತಲಿಲ್ಲ. ವೈರು ಎಲ್ಲೂ ಸವೆದು ಬಾಡಿಗೆ ತಗುಲಿಲ್ಲ ಎಂದಾಯಿತು. ಇನ್ನು ಸ್ವಿಚ್ಚೇ ಕೆಟ್ಟಿದೆಯೋ, ನಿಜವಾಗಿ ಪ್ರೆಶರ್ ಇಲ್ಲವೋ ಎಂಬುದು ಉಳಿಯಿತು. ಅದಕ್ಕೆ ಸ್ವಿಚ್ ತೆಗೆದು, ಆ ಜಾಗಕ್ಕೆ ಗೇಜ್ ಹಾಕಿ ನೋಡಬೇಕು. “ಎಂಜಿನ್ ಪೂರ್ತಿ ತಣ್ಣಗಾಗ್ಲಿ. ತಣ್ಣಗಿದ್ದಾಗೊಂದು, ಕಾದಾಗೊಂದು, ಎರಡೂ ಲೆಕ್ಕ ಬೇಕು. ಬನ್ನಿಮಂಟಪ ನೋಡ್ಕೊಂಡ್ ಬನ್ನಿ ಅಷ್ಟೊತ್ತಿಗೆ.”

ಹೋದೆವು. ದಸರೆಗೆಂದು ಸುಣ್ಣಬಣ್ಣ ನಡೆದಿತ್ತು. ಕಲ್ಲಿನ ಮಂಟಪದ ನೆರಳಿನಲ್ಲಿ ಕೂತು ಮೊಮ್ಮಗಳಿಗೆ ಅಜ್ಜಿ ಬನ್ನಿಮರದ ಕಥೆ ಹೇಳಿದಳು: ಪಾಂಡವರು ಅಜ್ಞಾತವಾಸಕ್ಕೆ ಹೋಗುವ ಮುಂಚೆ ಆಯುಧಗಳನ್ನು ಬನ್ನಿಮರದಲ್ಲಿ ಬಚ್ಚಿಟ್ಟದ್ದು, ವರ್ಷ ತುಂಬಿದ ಮೇಲೆ ಇಳಿಸಿಕೊಂಡದ್ದು. ಇಲ್ಲಿಂದ ಸ್ವಲ್ಪ ದೂರದಲ್ಲೇ ಪಾಂಡವಪುರ, ಅದರ ಪಕ್ಕದಲ್ಲಿ ಕುಂತಿಬೆಟ್ಟ ಇರುವಾಗ ಕಥೆಗೆ ಬೇರೆ ಸಾಕ್ಷಿ ಯಾಕೆ? (ಅದೇ ಊರನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು, ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು.) ಆಯುಧಪೂಜೆಗೆ ಬಿಲ್ಲುಬಾಣ ಯಾರ ಮನೆಯಲ್ಲೂ ಇಲ್ಲ. ಟ್ರ್ಯಾಕ್ಟರ್, ಸ್ಕೂಟರ್, ಹೊಲಿಗೆ ಯಂತ್ರ, ಅಜ್ಜಿಯ ಈಳಿಗೆಮಣೆ, ಎಲ್ಲಕ್ಕೂ ಕುಂಕುಮ ಬೀಳುತ್ತದೆ. “ನಮ್ಮ ಕಾರಿಗೆ ಈ ವರ್ಷ ಪೂಜೆ ಇಲ್ಲವಾ?” ಎಂದು ಹುಡುಗಿ ಕೇಳಿದಳು. ನಮ್ಮಿಬ್ಬರಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಬರುವ ದಾರಿಯಲ್ಲಿ ಒಂದು ಆಲೆಮನೆಗೆ ನುಗ್ಗಿದೆವು. ಮಂಡ್ಯ ಸೀಮೆಯಲ್ಲಿ ಆಲೆಮನೆಗೆ ಯಾರ ಅಪ್ಪಣೆಯೂ ಬೇಕಿಲ್ಲ, ವಾಸನೆಯೇ ಕರೆಯುತ್ತದೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಸೌಟಿನಿಂದ ಎತ್ತಿ ಸುರಿದಾಗ ನೀರಿನಂತೆ ಇಳಿಯಿತು. ಅದೇ ಸೌಟನ್ನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತಿನ ಮೇಲೆ ಬಗ್ಗಿಸಿದರೆ ಎಳೆಎಳೆಯಾಗಿ, ಬರಲೋ ಬೇಡವೋ ಎಂಬಂತೆ ಜಾರಿತು. ಅಚ್ಚಿನಲ್ಲಿದ್ದದ್ದು ಆಗಲೇ ಗಟ್ಟಿ. ನಾನು ಮೇಷ್ಟ್ರ ಚಟ ಬಿಡಲಿಲ್ಲ. “ಆಯಿಲ್ ಕೂಡ ಹೀಗೇ. ತಣ್ಣಗಿದ್ದಾಗ ಮಂದ, ಕಾದಾಗ ತೆಳು. ಅದಕ್ಕೇ ನಮ್ಮ ದೀಪ ಬೆಳಿಗ್ಗೆ ಹತ್ತುವುದಿಲ್ಲ, ಗಾಡಿ ಕಾದ ಮೇಲೆ ಹತ್ತುತ್ತದೆ,” ಎಂದೆ. ಆಲೆಮನೆಯ ಅಜ್ಜ ಅವಳ ಕೈಗೆ ಬಿಸಿ ಬೆಲ್ಲದ ಉಂಡೆ ಹಾಕಿದರು. ಪಾಠ ಅಲ್ಲಿಗೆ ನಿಂತಿತು.

ಶೆಡ್‌ಗೆ ವಾಪಸ್ಸಾದಾಗ ಗೇಜ್ ಕೂತಿತ್ತು. ಗಡಿಯಾರದಂಥ ಬಿಲ್ಲೆ, ಅದಕ್ಕೊಂದು ತೆಳು ಪೈಪು. ಪೌಂಡ್ ಲೆಕ್ಕ, ನಾವು ಟೈರಿಗೆ ಗಾಳಿ ಹಿಡಿಸುವಾಗ ಹೇಳುವ ಅದೇ ಪೌಂಡ್. ಈ ಎಂಜಿನ್ ಹೊಸದಾಗಿದ್ದಾಗ, ಕಾದು ರಸ್ತೆಯಲ್ಲಿ ಓಡುವಾಗ ಸುಮಾರು 50 ಪೌಂಡ್, ನಿಂತಲ್ಲೇ ಉರುಳುವಾಗ 15ರ ಆಸುಪಾಸು ಇರಬೇಕು.

50 ಪೌಂಡ್ ಎಂದರೆ ಎಷ್ಟು? ನಮ್ಮ ಸೀಮೆಯ ಮಕ್ಕಳಿಗೆ ಹೇಳಲು ಸುಲಭ. ನೀರಿನ ಆಳ 2.31 ಅಡಿ ಹೆಚ್ಚಿದಂತೆಲ್ಲ ಒತ್ತಡ ಒಂದು ಪೌಂಡ್ ಏರುತ್ತದೆ. ಕನ್ನಂಬಾಡಿ ಕಟ್ಟೆ ತುಂಬಿದಾಗಿನ ಮಟ್ಟ ಮಂಡ್ಯದ ಯಾವ ಮಗುವನ್ನು ಎಬ್ಬಿಸಿ ಕೇಳಿದರೂ ಹೇಳುತ್ತದೆ: 124.80 ಅಡಿ. 2.31ರಿಂದ ಭಾಗಿಸಿ ನೋಡಿ. 54 ಬರುತ್ತದೆ. ತುಂಬಿದ ಕೆಆರ್‌ಎಸ್‌ನ ಬುಡದಲ್ಲಿ ನೀರು ಎಷ್ಟು ಬಲದಿಂದ ಒತ್ತುತ್ತದೆಯೋ, ಹೆಚ್ಚುಕಡಿಮೆ ಅಷ್ಟೇ ಒತ್ತಡವನ್ನು ಮುಷ್ಟಿ ಗಾತ್ರದ ಒಂದು ಪಂಪು ಕಾರಿನೊಳಗೆ ಹುಟ್ಟಿಸುತ್ತದೆ! ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿ ಎರಡು ಸಲ ತಾಳೆ ನೋಡಿದಳು.

ಅಷ್ಟು ಒತ್ತಡ ಯಾಕೆ ಬೇಕು ಎಂಬುದಕ್ಕೂ ನಾಲೆಯೇ ಉತ್ತರ. ಎಂಜಿನ್ನಿನ ಒಳಗೆ ಮೇನ್ ನಾಲೆಯಂತೆ ಒಂದು ಉದ್ದದ ರಂಧ್ರ. ಅದರಿಂದ ಕವಲೊಡೆದು ಆಯಿಲ್ ಮೂರು ಮೇನ್ ಬೇರಿಂಗ್‌ಗಳಿಗೆ, ಅಲ್ಲಿಂದ ನಾಲ್ಕು ಬಿಗ್ ಎಂಡ್ ಬೇರಿಂಗ್‌ಗಳಿಗೆ, ಇನ್ನೊಂದು ಕಡೆ ಮೇಲೆ ವಾಲ್ವ್‌ಗಳ ತನಕ ಹೋಗಬೇಕು. ಬೇರಿಂಗಿಗೂ ಶಾಫ್ಟಿಗೂ ನಡುವಿನ ಸಂದು ತಲೆಗೂದಲಿನ ದಪ್ಪಕ್ಕೂ ಕಡಿಮೆ. ವರ್ಷಗಟ್ಟಲೆ ಸವೆದು ಆ ಸಂದು ಅಗಲವಾದರೆ ಆಯಿಲ್ ಅಲ್ಲೇ ಹರಿದುಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ತೂಬುಗಳು ಬಾಯಿ ತೆರೆದುಕೊಂಡರೆ ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲವಲ್ಲ, ಹಾಗೆ. ಒತ್ತಡ ಹೆಚ್ಚಾದರೂ ತೊಂದರೆಯೇ. ಅದಕ್ಕೆ ಪಂಪಿನ ಮುಂದೆ ಒಂದು ಸ್ಪ್ರಿಂಗ್ ವಾಲ್ವ್ ಇಟ್ಟಿರುತ್ತಾರೆ. ಮಿತಿ ಮೀರಿದರೆ ತಾನೇ ತೆರೆದು ಹೆಚ್ಚಿನದನ್ನು ವಾಪಸ್ಸು ಕಳಿಸುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲು ಕೂರಿಸಿ, ಆಮೇಲೆ ಕನ್ನಂಬಾಡಿಗೂ ತಂದ ಸ್ವಯಂಚಾಲಿತ ಗೇಟುಗಳ ಕೆಲಸವೂ ಇಂಥದ್ದೇ. ಆ ವಾಲ್ವಿನಲ್ಲಿ ಒಂದು ಚೂರು ಕಸ ಸಿಕ್ಕಿ ಅದು ತೆರೆದೇ ಉಳಿದರೂ ಪ್ರೆಶರ್ ಬೀಳುತ್ತದೆ.

ಮೆಕ್ಯಾನಿಕ್ ಎಂಜಿನ್ ಶುರು ಮಾಡಿದರು. ತಣ್ಣಗಿದ್ದಾಗ 35. ಮೊಮ್ಮಗಳು ಬರೆದುಕೊಂಡಳು. ಎಂಜಿನ್ ಕಾಯುತ್ತಾ ಹೋದಂತೆ ಮುಳ್ಳು ಜಾರತೊಡಗಿತು. 28. 20. 11. ಅಜ್ಜಿ ಕೈಯಲ್ಲಿದ್ದ ಸೀಬೆಹಣ್ಣನ್ನು ತಿನ್ನದೆ ಹಾಗೇ ಹಿಡಿದುಕೊಂಡಿದ್ದಳು. 4ಕ್ಕೆ ಬಂದಾಗ ಮೆಕ್ಯಾನಿಕ್ ಒಮ್ಮೆ ಆಕ್ಸಿಲರೇಟರ್ ಎಳೆದರು. 18ಕ್ಕೆ ಏರಿತು, ಬಿಟ್ಟೊಡನೆ ಮತ್ತೆ 4. ಉದ್ದದ ಸ್ಕ್ರೂಡ್ರೈವರನ್ನು ಎಂಜಿನ್ನಿನ ಮೈಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ, ವೈದ್ಯರ ಹಾಗೆ ಮೂರು ನಾಲ್ಕು ಕಡೆ ಕೇಳಿದರು. ತಕ್ಷಣ ಆಫ್ ಮಾಡಿದರು.

“ದೀಪ ಸುಳ್ಳು ಹೇಳ್ತಿಲ್ಲ ಮೇಷ್ಟ್ರೇ. ಪ್ರೆಶರ್ ಇಲ್ಲ, ನಿಜ. ಆದ್ರೆ ಬೇರಿಂಗ್ ಹೋಗಿದ್ರೆ ಒಳಗಿಂದ ದಬ್ ದಬ್ ಅಂತ ಬಡೀಬೇಕಿತ್ತು. ಬಡೀತಿಲ್ಲ.” ಮೊಮ್ಮಗಳ ಕಡೆ ತಿರುಗಿದರು. “ನಾನು ತಲೇಲಿ ಇಟ್ಕೋ ಅಂದಿದ್ನಲ್ಲ, ಏನದು ಮಗಾ?”

“ಆಯಿಲ್ ಗೆರೆಗಿಂತ ಮೇಲಿದೆ.”

“ಹಳೇ ಎಂಜಿನ್ ಆಯಿಲ್ ಕುಡೀತದೆ. ದಿನಾ ಒಸಿ ಒಸಿ ಕಮ್ಮಿ ಆಗ್ಬೇಕು. ನಿಮ್ಮದು ಏರ್‍ತಾ ಐತೆ. ಆಯಿಲ್ ಒಳಗೆ ಮರಿ ಹಾಕ್ತದಾ?”

ನಾನು ಲೆಕ್ಕ ಹಾಕಿದೆ. ನಾಲ್ಕು ತಿಂಗಳ ಹಿಂದೆ ಆಯಿಲ್ ಬದಲಿಸಿದಾಗ ಸರಿಯಾಗಿ ಮೇಲಿನ ಗೆರೆಗೆ ಇತ್ತು. ಆಮೇಲೆ ಯಾರೂ ಒಂದು ಹನಿ ಹಾಕಿಲ್ಲ. ಅಂದಮೇಲೆ ಬಂದು ಸೇರಿದ್ದು ಏನು? ನೀರು ಸೇರಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಬೆಳ್ಳಗಾಗುತ್ತದೆ. ಇದು ಕಪ್ಪಗೇ ಇತ್ತು. ಆಗ ನಮ್ಮ ಮನೆಯವಳು ಮುಂದೆ ಬಂದು ಆ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದಳು. “ಒಂದು ತಿಂಗಳಿಂದ ನಾನು ಹೇಳ್ತಾನೇ ಇದ್ದೀನಿ, ಪೆಟ್ರೋಲ್ ವಾಸನೆ ಅಂತ. ಆ ಗ್ಯಾರೇಜಿನವನು, ಪೆಟ್ರೋಲ್ ಗಾಡಿ ಪೆಟ್ರೋಲ್ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ ಅಮ್ಮಾ ಅಂದ. ಈಗ ನೋಡಿ!”

ಮೆಕ್ಯಾನಿಕ್ ನಕ್ಕರು. “ಅವ್ವಾ, ನೀವೇ ಗ್ಯಾರೇಜ್ ಇಡ್ಬೋದು.” ಮೊದಲು ಅವರು ಮಾಡಿದ ಕೆಲಸ, ಶೆಡ್ಡಿನ ಬಾಗಿಲಲ್ಲಿ ಬೀಡಿ ಸೇದುತ್ತಿದ್ದವರನ್ನು ದೂರ ಕಳಿಸಿದ್ದು. ಪೆಟ್ರೋಲ್ ಬೆರೆತ ಆಯಿಲ್‌ನ ಆವಿ ಬೆಂಕಿಗಾಗಿ ಕಾಯುತ್ತಿರುತ್ತದೆ. ಆಮೇಲೆ ಹಳೇ ಪೇಪರಿನ ಮೇಲೆ ಕಡ್ಡಿಯಿಂದ ಒಂದು ಹನಿ, ಪಕ್ಕದಲ್ಲಿ ಡಬ್ಬಿಯ ಹೊಸ ಆಯಿಲ್‌ನ ಒಂದು ಹನಿ ಬಿಟ್ಟರು. ಹೊಸದು ಗುಂಡಗೆ ಕೂತಿತು. ನಮ್ಮದು ನೋಡನೋಡುತ್ತಿದ್ದಂತೆ ಸುತ್ತ ಹರಡಿ, ಅಂಚಿನಲ್ಲಿ ತೆಳುವಾದ ಒಂದು ಬಳೆ ಮೂಡಿತು.

ಕಾರಣ ಇಷ್ಟು. ನಮ್ಮ ಗಾಡಿಯ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿದೆ. ಅದರೊಳಗೆ ರಬ್ಬರ್ ಬಟ್ಟೆಯ ಒಂದು ಪೊರೆ ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಎಳೆದು ತಳ್ಳುತ್ತದೆ. ವಯಸ್ಸಾಗಿ ಆ ಪೊರೆ ಬಿರಿದಿತ್ತು. ಪೆಟ್ರೋಲಿನ ಒಂದು ಪಾಲು ಕಾರ್ಬ್ಯುರೇಟರಿಗೆ ಹೋಗದೆ ಒಳಗಿನಿಂದಲೇ ಇಳಿದು ಆಯಿಲ್ ಚೇಂಬರ್ ಸೇರುತ್ತಿತ್ತು. ಜೋನಿಬೆಲ್ಲಕ್ಕೆ ನೀರು ಬೆರೆಸಿದ ಹಾಗೆ ಆಯಿಲ್ ತೆಳುವಾಗಿ, ಕಾದಾಗ ಇನ್ನೂ ತೆಳುವಾಗಿ, ಬೇರಿಂಗ್ ಸಂದುಗಳಿಂದ ಸರಸರ ಹರಿದುಹೋಗುತ್ತಿತ್ತು. ಪಂಪು ಪಾಪ ತನ್ನ ಕೆಲಸ ಮಾಡುತ್ತಲೇ ಇತ್ತು. ‘ಆಯಿಲ್ ತುಂಬಿದೆ’ ಎಂದ ಆ ಗ್ಯಾರೇಜಿನವನ ಮಾತು ಸುಳ್ಳಲ್ಲ. ಎಷ್ಟಿದೆ ಎಂದು ನೋಡಿದ, ಏನಿದೆ ಎಂದು ನೋಡಲಿಲ್ಲ.

ಪಂಪಿನ ರಿಪೇರಿ ಕಿಟ್ ತರಲು ಹುಡುಗನೊಬ್ಬ ಬೈಕಿನಲ್ಲಿ ಮೈಸೂರಿಗೆ ಹೋದ. ಎರಡು ಗಂಟೆ ಹೊತ್ತು. ನಾವು ತಂದಿದ್ದ ಚಿತ್ರಾನ್ನ, ಮೊಸರನ್ನವನ್ನು ಎಲ್ಲರೂ ಹಂಚಿಕೊಂಡೆವು. ಆಗ ಮೊಮ್ಮಗಳು ಕೇಳಿದ ಪ್ರಶ್ನೆ ಒಳ್ಳೆಯದಿತ್ತು: ಅಷ್ಟು ಸಣ್ಣ ಸಂದಿನಲ್ಲಿ, ಅಷ್ಟು ತೂಕದ ಶಾಫ್ಟ್ ತಿರುಗುವಾಗ, ಆಯಿಲ್ ಹಿಂಡಿಹೋಗದೆ ಹೇಗೆ ಉಳಿಯುತ್ತದೆ?

ಅದನ್ನು ಕಂಡುಹಿಡಿದದ್ದೂ ಒಂದು ತಮಾಷೆಯ ಕಥೆ. 1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದ. ಆಯಿಲ್ ಹಾಕಲೆಂದು ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದಾಗ ಆಯಿಲ್ ಒಳಗೆ ಹೋಗುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು! ಬಿರಡೆ ಜಡಿದ, ಅದು ಹೊರಕ್ಕೆ ತಳ್ಳಿಸಿಕೊಂಡಿತು. ಮರದ ಗೂಟ ಹೊಡೆದ; ಅದೂ ಹಾಗೇ ಹೊರಬಂತು. ತಿರುಗುವ ಶಾಫ್ಟ್ ತಾನೇ ಆಯಿಲನ್ನು ಸಂದಿಗೆ ಎಳೆದುಕೊಂಡು, ಅದರ ಮೇಲೆ ತೇಲುತ್ತದೆ ಎಂಬುದು ಹೀಗೆ ಗೊತ್ತಾಯಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಅದರ ಗಣಿತ ಬರೆದ. ಅಂದರೆ ಎಂಜಿನ್ ಓಡುವಾಗ ಶಾಫ್ಟ್ ಬೇರಿಂಗನ್ನು ಮುಟ್ಟುವುದೇ ಇಲ್ಲ. ತೆಪ್ಪದ ಹಾಗೆ ಆಯಿಲ್ ಮೇಲೆ ಕೂತಿರುತ್ತದೆ. ಪಂಪಿನ ಕೆಲಸ ಆ ಸಂದಿಗೆ ಆಯಿಲ್ ಬತ್ತದಂತೆ ನೋಡಿಕೊಳ್ಳುವುದು. ಆಯಿಲ್ ತೆಳುವಾದರೆ ತೆಪ್ಪ ತಳ ತಾಗುತ್ತದೆ. ಮೆಕ್ಯಾನಿಕ್ ಕೈಯಲ್ಲಿ ಚಿತ್ರಾನ್ನ ಹಿಡಿದುಕೊಂಡೇ ಪೂರ್ತಿ ಕೇಳಿ, “ಮೂವತ್ತು ವರ್ಷದಿಂದ ಬೇರಿಂಗ್ ಹಾಕ್ತಿದ್ದೀನಿ, ಇದು ಗೊತ್ತಿರ್‍ಲಿಲ್ಲ ನೋಡಿ,” ಎಂದರು.

ಕಿಟ್ ಬಂತು. ಹಳೇ ಪೊರೆಯನ್ನು ಬೆಳಕಿಗೆ ಹಿಡಿದಾಗ ಬಿರುಕು ಕೂ‍ದಲೆಳೆಯಷ್ಟು ಕಂಡಿತು, ಅಷ್ಟೇ. ಚೇಂಬರಿನ ಆಯಿಲನ್ನೆಲ್ಲ ಒಂದು ಡ್ರಮ್ಮಿಗೆ ಇಳಿಸಿ ಮುಚ್ಚಳ ಬಿಗಿದರು. “ನಾಲೆಗೆ ಒಂದು ಹನಿ ಬಿಡಾಕಿಲ್ಲ. ಕೊನೇಗೆ ನಾವೇ ಕುಡಿಯೋ ನೀರು,” ಎಂದದ್ದು ನನಗೆ ಬಹಳ ಹಿಡಿಸಿತು. ಹೊಸ ಫಿಲ್ಟರ್ ಹಾಕಿ, 20ಡಬ್ಲ್ಯೂ-50 ಎಂಬ ಗ್ರೇಡಿನ ಮಂದ ಆಯಿಲ್ ಹೊಯ್ದರು. ಈಚಿನ ಕಾರುಗಳಿಗೆ ಹಾಕುವ ತೆಳು ಆಯಿಲ್ ಈ ಕಾಲದ ಎಂಜಿನ್ನಿಗೆ ಆಗಿಬರುವುದಿಲ್ಲವಂತೆ. ಸ್ಪ್ರಿಂಗ್ ವಾಲ್ವನ್ನೂ ಬಿಚ್ಚಿ ತೊಳೆದರು, ಅದರಲ್ಲಿ ದೋಷವಿರಲಿಲ್ಲ.

ಮತ್ತೆ ಗೇಜ್. ಈ ಸಲ ಶೆಡ್ಡಿನಲ್ಲಿದ್ದವರೆಲ್ಲ, ಬೀಡಿಯವರೂ ಸೇರಿ, ಸುತ್ತ ನಿಂತರು. ತಣ್ಣಗಿದ್ದಾಗ 52. ಎಂಜಿನ್ ಕಾಯತೊಡಗಿತು. 45. 36. 27. ಅಲ್ಲಿಂದ ನಿಧಾನವಾಯಿತು. 20. 18. ಇಪ್ಪತ್ತು ನಿಮಿಷ ಓಡಿಸಿ, ಬಾನೆಟ್ ಮುಟ್ಟಲಾಗದಷ್ಟು ಬಿಸಿಯಾದ ಮೇಲೂ ಮುಳ್ಳು 17ರಲ್ಲಿ ನಿಂತಿತು. ಆಕ್ಸಿಲರೇಟರ್ ಎಳೆದರೆ 43. ಹೊಸ ಎಂಜಿನ್ನಿನ 50 ಅಲ್ಲ. ಬೇರಿಂಗ್ ಸವೆದಿರುವುದು ನಿಜ, ನಲವತ್ತು ವರ್ಷದ ಸವೆತ. ಆದರೆ ಇಳಿಸಬೇಕಾದ ಎಂಜಿನ್ ಅಲ್ಲ, ತೂಕಕ್ಕೆ ಹಾಕಬೇಕಾದ ಗಾಡಿ ಖಂಡಿತ ಅಲ್ಲ. ಸ್ವಿಚ್ ವಾಪಸ್ಸು ಹಾಕಿ ವೈರ್ ಸಿಕ್ಕಿಸಿದಾಗ, ಕೀಲಿ ತಿರುಗಿಸಿದೊಡನೆ ಹತ್ತಿದ ದೀಪ ಎಂಜಿನ್ ಶುರುವಾಗುತ್ತಲೇ ಆರಿತು.

ಆಯಿಲ್, ಫಿಲ್ಟರ್, ಕಿಟ್, ಕೂಲಿ ಎಲ್ಲ ಸೇರಿ ಬಂದ ಬಿಲ್ಲು, ಆ ಗ್ಯಾರೇಜಿನವನು ಹೇಳಿದ್ದರ ಹದಿನೈದನೇ ಒಂದು ಪಾಲೂ ಇರಲಿಲ್ಲ. ಮೈಸೂರಿನ ಗುಜರಿಯವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಮಗನಿಗೆ ಮೊಮ್ಮಗಳೇ ಫೋನ್ ಮಾಡಿ, ನೋಟ್‌ಬುಕ್ಕಿನ ಅಂಕಿಗಳನ್ನೆಲ್ಲ ಒಂದೊಂದಾಗಿ ಓದಿ ಹೇಳಿದಳು. ಕೆಆರ್‌ಎಸ್ ಲೆಕ್ಕವನ್ನೂ ಬಿಡಲಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಮೌನ. ಆಮೇಲೆ, “ಹಾಗಾದರೆ ಆಯುಧಪೂಜೆಗೆ ನಾನೂ ಬರ್‍ತೀನಿ ಬಿಡು,” ಎಂದನಂತೆ.

ಹೊರಡುವಾಗ ಮೆಕ್ಯಾನಿಕ್ ಅವಳಿಗೆ ಒಂದು ಕೆಲಸ ಒಪ್ಪಿಸಿದರು. ವಾರಕ್ಕೊಮ್ಮೆ, ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ, ತಾತ ಪಕ್ಕದಲ್ಲಿ ನಿಂತಿರುವಾಗ ಕಡ್ಡಿ ಎಳೆದು ನೋಡುವುದು. “ಕೆಳಗೆ ಇಳಿದಿದ್ರೆ ಒಸಿ ಆಯಿಲ್ ಹಾಕ್ರಿ. ಮೇಲೆ ಏರಿದ್ರೆ ಮಾತ್ರ ನಂಗೆ ಫೋನ್ ಮಾಡು ಮಗಾ.”

ಐದುನೂರು ಕಿಲೋಮೀಟರ್ ಓಡಿದ ಮೇಲಿನ ಲೆಕ್ಕ ಅವಳ ನೋಟ್‌ಬುಕ್ಕಿನಲ್ಲಿದೆ. ಮೇಲಿನ ಗೆರೆಯಿಂದ ಅರ್ಧ ಬೆರಳು ಕೆಳಗೆ.